ಹತ್ತಿ ಕೋಣೆಯ ಕರಿ ನೊರಜು

ಆ ಕೋಣೆಗೆ ಕಿಟಕಿ ಇರಲಿಲ್ಲ. ಮಣ್ಣಿನ ಮಾಳಿಗೆಯಲ್ಲಿ ಒಂದು ಗವಾಕ್ಷಿ ಇತ್ತು, ಅಷ್ಟೇ. ಸುಗ್ಗಿಯಲ್ಲಿ ತೊಲೆ ಮುಟ್ಟುವವರೆಗೆ ಹತ್ತಿ ಒಟ್ಟುತ್ತಿದ್ದ ಕೋಣೆ ಅದು. ಗೋಡೆಯ ಬಿರುಕುಗಳಲ್ಲಿ ಇನ್ನೂ ಬಿಳಿ ಎಳೆಗಳು ಅಂಟಿಕೊಂಡಿದ್ದವು. ಮೋಡ ಸರಿದ ಮಧ್ಯಾಹ್ನಗಳಲ್ಲಿ ಗವಾಕ್ಷಿಯಿಂದ ಬಿಸಿಲಿನ ಕೋಲೊಂದು ನೆಲಕ್ಕೆ ಇಳಿಯುತ್ತಿತ್ತು. ಅದು ಒಂದು ಪೆಟ್ಟಿಗೆಯಿಂದ ಇನ್ನೊಂದು ಪೆಟ್ಟಿಗೆಗೆ ಸರಿಯುವುದನ್ನು ನೋಡುತ್ತ ನಾನು ಎಷ್ಟೋ ಸಲ ಕೂತಲ್ಲೇ ತೂಕಡಿಸಿದ್ದೇನೆ. ಆ ವರ್ಷದ ಮಳೆಗಾಲದಲ್ಲಿ ಅದೇ ನನ್ನ ಕಚೇರಿ.

ಎಂಬತ್ತರ ದಶಕದ ನಡುವಿನ ಮಾತು. ಧಾರವಾಡದಲ್ಲಿ ಕೀಟ ಸಾಕುವ ಪ್ರಯೋಗಾಲಯವೊಂದರಲ್ಲಿ ನಾನು ಸಹಾಯಕಿಯಾಗಿದ್ದೆ. ಊರೂರಿಗೆ ಕಾಂಗ್ರೆಸ್ ಕಸ, ಅಂದರೆ ಪಾರ್ಥೇನಿಯಂ ಗಿಡ, ಹಬ್ಬುತ್ತಿದ್ದ ಕಾಲ. ಆ ಕಸವನ್ನು ಬಿಟ್ಟು ಬೇರೆ ಏನನ್ನೂ ಮೂಸದ ಒಂದು ಮೆಕ್ಸಿಕೋ ದೇಶದ ಹುಳ ನಮ್ಮ ಕೈಗೆ ಬಂದಿತ್ತು. ತೊಗರಿ ಕಾಳಿನಷ್ಟು ಗಾತ್ರ, ಕೆನೆ ಬಣ್ಣದ ಬೆನ್ನಿನ ಮೇಲೆ ಕಂದು ಗೀರು. ನಮ್ಮ ಸಾಹೇಬರು ಒಂದು ದಿನ ನನ್ನನ್ನು ಕರೆದು, "ಗಾಜಿನ ಕೋಣ್ಯಾಗ ಯಾರ್ ಬೇಕಾದ್ರೂ ಸಾಕ್ತಾರ. ಹಳ್ಳ್ಯಾಗ, ಒಂದು ಸಾದಾ ಮನ್ಯಾಗ ಇವನ್ನ ಸಾಕಿ ತೋರಸ್ರಿ ನೋಡೋಣು" ಅಂದರು. ನನಗೂ ಆ ಗಾಜಿನ ಕೋಣೆ ಬೇಸರವಾಗಿತ್ತು. ಹೂಂ ಅಂದೆ.

ಕುಬಿಹಾಳದ ಒಂದು ಒಕ್ಕಲುತನದ ಮನೆಯವರು ಕೋಣೆ ಕೊಟ್ಟರು. ಬಾಡಿಗೆ ಬೇಡವೆಂದರು. ಯಾಕೆ ಬೇಡವೆಂದರು ಅನ್ನುವುದು ಅಲ್ಲಿಗೆ ಹೋದ ಮೇಲೆ ತಿಳಿಯಿತು. ಮನೆಯಲ್ಲಿ ಮೂರೇ ಜನ: ಯಜಮಾನತಿ ಅವ್ವ, ಅವರ ಮಗ, ಸೊಸೆ. ಆ ಸೊಸೆಗೆ ಕಾಂಗ್ರೆಸ್ ಕಸ ಸೇರುತ್ತಿರಲಿಲ್ಲ. ಮಳೆ ಬಿದ್ದು ಹಿತ್ತಿಲಲ್ಲಿ ಅದು ಮೊಳಕಾಲಿಗೆ ಬಂದಿತೆಂದರೆ ಸಾಕು, ಹುಡುಗಿಯ ಮುಖ, ಕುತ್ತಿಗೆ, ಮುಂಗೈಗಳ ತುಂಬ ಗಾದರಿ ಎದ್ದು ಚರ್ಮ ಸುಲಿಯುತ್ತಿತ್ತು. ಕಣ್ಣು ಬಾತು ಮುಚ್ಚಿಹೋಗುತ್ತಿದ್ದವು. ಮಗ ಕುಡುಗೋಲು ಹಿಡಿದು ಕೊಯ್ಯುತ್ತಿದ್ದ, ಬುಡಸಹಿತ ಕೀಳುತ್ತಿದ್ದ. ಒಂದು ಕಿತ್ತರೆ ಹತ್ತು ಹುಟ್ಟುತ್ತಿದ್ದವು. ಕಿತ್ತದ್ದು ಒಣಗಿ ಪುಡಿಯಾಗಿ ಹಾರಿದರೂ ಅವಳಿಗೆ ಉರಿ. ಹಿತ್ತಲ ಬಾಗಿಲಿನಿಂದ ಅವಳು ಹೊರಗೆ ಕಾಲಿಟ್ಟು ಎರಡು ಮಳೆಗಾಲ ಆಗಿದ್ದವು.

ನನ್ನ ಸಾಮಾನು ಇಷ್ಟೇ: ಚಹಾಪುಡಿ ಬರುವ ತೆಳು ಹಲಗೆಯ ಪೆಟ್ಟಿಗೆಗಳು, ಅವುಗಳ ಮುಂಬದಿಗೆ ಹೊಡೆದ ಮಲ್‌ಮಲ್ ಬಟ್ಟೆ, ಒಳಗೆ ಗೇಣುದ್ದ ಮಣ್ಣು, ಮಣ್ಣಿನ ಮೇಲೆ ನೀರು ತುಂಬಿದ ಮಸಿ ಬಾಟಲಿಗಳಲ್ಲಿ ನಿಲ್ಲಿಸಿದ ಕಸದ ಟೊಂಗೆಗಳು. ಕಸ ಕೊಯ್ಯುವುದು ನನ್ನದೇ ಕೆಲಸ; ನನ್ನ ಚರ್ಮಕ್ಕೆ ಅದು ಏನೂ ಮಾಡುತ್ತಿರಲಿಲ್ಲ. ಕೋಣೆಯ ಬಾಗಿಲು ಸದಾ ಮುಚ್ಚಿರುತ್ತಿತ್ತು, ಸೊಸೆ ಆ ಕಡೆ ಸುಳಿಯುತ್ತಿರಲಿಲ್ಲ. ಹುಳ ಎಲೆಯ ಅಡಿಗೆ ತತ್ತಿ ಇಡುತ್ತಿತ್ತು. ತತ್ತಿಯೊಡೆದ ಮರಿಗಳು ಹಗಲೆಲ್ಲ ಮೇಯುತ್ತಿದ್ದವು. ಬಟ್ಟೆಗೆ ಕಿವಿ ಹಚ್ಚಿದರೆ ಅವು ಎಲೆ ಕೊರೆಯುವ ಸದ್ದು ಕೇಳುತ್ತಿತ್ತು, ಜಿಟಿಜಿಟಿ ಮಳೆಯ ಹಾಗೆ. ಒಮ್ಮೊಮ್ಮೆ ಹೊರಗಿನ ಮಳೆ ಯಾವುದು, ಒಳಗಿನದು ಯಾವುದು ಎಂದು ಗೊತ್ತಾಗದೆ ಹಾಗೇ ಕೂತಿರುತ್ತಿದ್ದೆ. ಮೇಯ್ದು ಬಲಿತ ಮರಿ ಎಲೆ ಬಿಟ್ಟು ಮಣ್ಣಿಗಿಳಿದು, ಒಳಗೇ ಒಂದು ಪುಟ್ಟ ಕುಳಿ ಮಾಡಿಕೊಂಡು, ಅಲ್ಲಿ ಕೋಶವಾಗಿ ಮಲಗುತ್ತದೆ. ರೆಕ್ಕೆ ಬಂದ ಮೇಲೆ ಮೇಲಕ್ಕೆ ಬರುತ್ತದೆ.

ಮರಿಗಳೆಲ್ಲ ಇಳಿದುಹೋದ ದಿನ ಅವ್ವ ಬಾಗಿಲಲ್ಲಿ ಬಂದು ನಿಂತರು. ದಿನಾ ಬಂದು ನೋಡಿ, ಮನೆಯ ಕರುಗಳನ್ನು ಮಾತಾಡಿಸಿದಂತೆ ಅವನ್ನೂ ಮಾತಾಡಿಸಿ ಹೋಗುವುದು ಅವರಿಗೆ ರೂಢಿಯಾಗಿತ್ತು.

"ಬಾಯಾರ, ಎಲ್ಲಿ ಹ್ವಾದ್ವು ನಮ್ಮ ಮಂದಿ?"

"ಮಣ್ಣಾಗ ಮಲಗ್ಯಾವ್ರಿ ಅವ್ವಾರ. ಎದ್ದು ಬರೂದ್ರಾಗ ರೆಕ್ಕಿ ಬಂದಿರ್ತಾವ್ರಿ."

"ಮಣ್ಣಾಗ ಮಲಗಿ ರೆಕ್ಕಿ ತಗೊಂಡು ಬರ್ತಾವಂದ್ರ ಅವು ಹುಳಾ ಅಲ್ಲ ಬಿಡ್ರಿ," ಅಂದು ಪೆಟ್ಟಿಗೆಗೆ ಕೈ ಮುಗಿದರು. ನಾನು ನಕ್ಕುಬಿಟ್ಟೆ.

ನಾಗರ ಪಂಚಮಿಗೆ ಸೊಸೆಯನ್ನು ಕರೆದೊಯ್ಯಲು ತಿರ್ಲಾಪುರದಿಂದ ಅವಳ ತಂದೆ ಬಂದರು. ಮಗಳ ಮುಖ ನೋಡಿ ಅವರು ನೀರು ಕೂಡ ಕುಡಿಯಲಿಲ್ಲ. ಪಡಸಾಲೆಯಲ್ಲಿ ನಿಂತುಕೊಂಡೇ ಹೇಳಿದರು: "ಯಕ್ಕಾ, ಸಿಟ್ಟಾಗಬ್ಯಾಡ್ರಿ. ನಿಮ್ಮ ಮ್ಯಾಲ ನಂದೇನೂ ತಕರಾರಿಲ್ಲ. ಆದ್ರ ಆ ಕಸ ನಿಮ್ಮ ಹಿತ್ತಲದಾಗ ಇರೂತನಕಾ ನಾ ಮಗಳ್ನ ಕಳಸಂಗಿಲ್ಲ."

ಅವ್ವ ಒಳಗಿನಿಂದ ಅಕ್ಕಿ, ಕೊಬ್ಬರಿ ತಂದರು. ಸೊಸೆಗೆ ಉಡಿ ತುಂಬಿದರು. ಹುಡುಗಿ ಸೆರಗು ಮುಖಕ್ಕೆ ಎಳೆದುಕೊಂಡು ಬಸ್ಸು ಹತ್ತಿದಳು. ಮಗ ದನದ ಕೊಟ್ಟಿಗೆಯಿಂದ ಸಂಜೆಯವರೆಗೂ ಹೊರಗೆ ಬರಲಿಲ್ಲ. ಪಂಚಮಿಗೆ ಹೋದವಳು ಪಂಚಮಿ ಮುಗಿಸಿ ಬರಬೇಕು. ಬರದಿದ್ದರೆ ಊರಿಗೆ ಏನು ಹೇಳುವುದು ಅನ್ನುವುದಕ್ಕಿಂತ, ಅವಳಿಲ್ಲದ ಮನೆಯಲ್ಲಿ ಇವರಿಬ್ಬರೂ ಹೇಗಿರುವುದು ಅನ್ನುವುದೇ ನನಗೆ ಕಾಣುತ್ತಿತ್ತು. ಅತ್ತೆ ಸೊಸೆ ಅಷ್ಟು ಅಚ್ಚುಮೆಚ್ಚಿನಿಂದಿದ್ದರು.

ನಾನೂ ಹೆಣ್ಣುಮಗಳಲ್ಲವೇ, ಅಳ್ನಾವರದ ತವರಿಗೆ ಹೋದೆ. ಪೆಟ್ಟಿಗೆಗಳಿಗೆ ಚೆನ್ನಾಗಿ ನೀರು ಚಿಮುಕಿಸಿ, ದಿನಾ ಚಿಮುಕಿಸುವುದನ್ನು ಮಗನಿಗೆ ಹೇಳಿಕೊಟ್ಟು ಹೊರಟಿದ್ದೆ. ಎರೆಮಣ್ಣು ಒಣಗಿದರೆ ಕಲ್ಲಾಗುತ್ತದೆ, ಬಿರುಕು ಬಿಟ್ಟು ಕೋಶಗಳನ್ನು ಸೀಳುತ್ತದೆ ಎಂಬ ಹೆದರಿಕೆ ನನಗೆ. ಅದಕ್ಕೇ ಮಣ್ಣಿಗೆ ತಿಪ್ಪೆಗೊಬ್ಬರ ಬೆರೆಸಿ ಸಡಿಲ ಮಾಡಿ, ಸದಾ ತೇವ ಇರುವಂತೆ ನೋಡಿಕೊಂಡಿದ್ದೆ.

ಹಬ್ಬ ಮುಗಿಸಿ ಬಂದು ಬಾಗಿಲು ತೆಗೆದಾಗ ಬಿಸಿಲಿನ ಕೋಲಿನಲ್ಲಿ ಏನೋ ತೇಲುತ್ತಿತ್ತು. ಮೊದಲು ಧೂಳು ಅಂದುಕೊಂಡೆ. ಧೂಳು ಮೇಲಕ್ಕೂ ಹೋಗುತ್ತಿತ್ತು, ನಿಲ್ಲುತ್ತಿತ್ತು, ತಿರುಗುತ್ತಿತ್ತು. ನೊರಜು! ಸಾಸಿವೆಗಿಂತ ಸಣ್ಣ ಮೈ, ಉದ್ದ ಕಾಲು, ಕರಿ ಬಣ್ಣ. ಹಾರುವುದಕ್ಕೂ ಸೋಮಾರಿತನ ಪಡುವಂಥವು. ಮಲ್‌ಮಲ್ ಬಟ್ಟೆಯ ಮೇಲೆ ನಡೆದಾಡುತ್ತಿದ್ದವು, ಮಣ್ಣಿನ ಮೇಲೆ ಓಡಾಡುತ್ತಿದ್ದವು. ನೋಡಲು ಚಂದವೇ. ಅವು ಸುತ್ತುವುದನ್ನು ನೋಡುತ್ತ ನಿಂತರೆ ಕಣ್ಣು ಮಂಪರಾಗುತ್ತಿತ್ತು.

ಚಂದ ಮುಗಿಯಲು ಹೆಚ್ಚು ದಿನ ಬೇಕಾಗಲಿಲ್ಲ. ಒಂದು ವಾರದಲ್ಲಿ ಕೋಣೆಯೊಳಗೆ ಬಾಯಿ ತೆರೆಯುವ ಹಾಗಿರಲಿಲ್ಲ. ಮೂಗಿನಲ್ಲಿ ನೊರಜು, ಚಹಾದಲ್ಲಿ ನೊರಜು. ಮಣ್ಣು ಕೆದಕಿದರೆ ಕರಿ ತಲೆಯ, ಗಾಜಿನಂತೆ ಪಾರದರ್ಶಕ ಮೈಯ ಎಳೆ ಹುಳುಗಳು ನುಲಿಯುತ್ತಿದ್ದವು. ಅವುಗಳ ಜತೆಗೆ ಬಿಳಿ ಬೂಷ್ಟು. ಅದರ ನಡುವೆ ನನ್ನ ಕೋಶಗಳು ಕಂದಾಗಿ, ಮೆತ್ತಗಾಗಿ, ಮುಟ್ಟಿದರೆ ಒಡೆಯುತ್ತಿದ್ದವು. ಮೊದಲ ಪೆಟ್ಟಿಗೆಯಿಂದ ರೆಕ್ಕೆಯ ಹುಳ ಮೇಲೆ ಬರಬೇಕಾದ ಹೊತ್ತು ಮೀರಿತು. ಒಂದೂ ಬರಲಿಲ್ಲ.

ನನಗೆ ಸಿಟ್ಟು ಬಂತು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಅದು ಎಲ್ಲರಿಗೂ ಗೊತ್ತಿದ್ದದ್ದೇ. ಬೇವಿನ ಸೊಪ್ಪಿನ ಹೊಗೆ ಹಾಕಿದೆ. ನೊರಜುಗಳು ಗವಾಕ್ಷಿಯಿಂದ ಹೊರಗೆ ಹೋದವು. ಹೊಗೆ ಆರಿದ ಮೇಲೆ ಅದೇ ಗವಾಕ್ಷಿಯಿಂದ ಒಳಗೆ ಬಂದವು. "ಹೋದ್ಯಾ ಪಿಶಾಚಿ ಅಂದ್ರ ಬಂದೆ ಗವಾಕ್ಷ್ಯಾಗ ಅಂದಂಗಾತಲ್ರೀ" ಎಂದು ಅವ್ವ ನಕ್ಕರು. ಡಬ್ಬಿಯ ಮುಚ್ಚಳಗಳಿಗೆ ಹಳದಿ ಬಣ್ಣ ಬಳಿದು, ಮೇಲೆ ಔಡಲೆಣ್ಣೆ ಸವರಿ ತೂಗುಬಿಟ್ಟೆ. ಹಳದಿಯೆಂದರೆ ಅವಕ್ಕೆ ಮೋಹ. ಬಂದು ಬಂದು ಅಂಟಿಕೊಂಡವು. ಸಂಜೆಗೆ ಮುಚ್ಚಳ ಕರ್ರಗೆ. ಗೆದ್ದೆ ಅಂದುಕೊಂಡೆ. ಮರುದಿನ ಮತ್ತೆ ಅಷ್ಟೇ. ಬಟ್ಟೆ ಬದಲಿಸಿ ಎರಡು ಪದರ ಹಾಕಿದೆ; ಒಳಗೆ ಇನ್ನೂ ಸೆಕೆಯಾಗಿ ಬೂಷ್ಟು ಹೆಚ್ಚಾಯಿತು. ಹಾರುವುದನ್ನು ಹೊಡೆಯುತ್ತಿದ್ದೆ, ಹುಟ್ಟುವುದು ಕೆಳಗೆ ನಡೆದೇ ಇತ್ತು.

ಸಾಹೇಬರು ಜೀಪಿನಲ್ಲಿ ಬಂದರು. ಬಾಗಿಲಲ್ಲೇ ಕರವಸ್ತ್ರ ಮೂಗಿಗೆ ಹಿಡಿದರು. ಒಳ್ಳೆಯ ಮನುಷ್ಯ, ಬೈಯಲಿಲ್ಲ. "ಬಿಡ್ರಿ, ಇದು ಕೈಬಿಟ್ಟು ಹೋತು. ಪುಡಿ ಹಾಕಿ ಎಲ್ಲಾ ಮುಗಿಸಿಬಿಡ್ರಿ. ಮುಂದಿನ ಮಳಿಗಾಲಕ್ಕ ಹೊಸಾ ಹುಳ ಕೊಡ್ತೀನಿ" ಎಂದು ಒಂದು ವಿಷದ ಪುಡಿಯ ಪೊಟ್ಟಣ ಕೊಟ್ಟು ಹೋದರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಒಂದು ಮಳೆಗಾಲ ಅವರಿಗೆ ಒಂದು ಪ್ರಯೋಗ. ಈ ಮನೆಗೆ ಅದು ಸೊಸೆಯಿಲ್ಲದ ಒಂದು ಇಡೀ ವರ್ಷ.

ಜೀಪು ಹೋದ ಮೇಲೆ ಪೊಟ್ಟಣ ಬಿಚ್ಚಿ ಪೆಟ್ಟಿಗೆಯ ಮುಂದೆ ಕೂತೆ. ಹಾಕುವ ಮೊದಲು ಒಮ್ಮೆ ನೋಡೋಣವೆಂದು ಕೈ ಮಣಿಕಟ್ಟಿನವರೆಗೆ ಮಣ್ಣಿಗೆ ಇಳಿಸಿ ಒಂದು ಹೆಂಟೆ ಎತ್ತಿದೆ. ಮೂಗಿನ ಹತ್ತಿರ ತಂದರೆ ವಾಸನೆ ಮಣ್ಣಿನದಲ್ಲ, ಗೊಬ್ಬರದ್ದೂ ಅಲ್ಲ. ಹುಳಿ. ಕೆಟ್ಟ ಮೊಸರಿನ ಹುಳಿ ವಾಸನೆ. ಹೆಂಟೆ ಮುರಿದೆ. ಒಳಗೆ ಬಿಳಿಯ ಗಿಣ್ಣಿನಂಥ ಪದರ, ಅದರಲ್ಲಿ ಬೆಲ್ಲದ ಒಂದು ಚೂರು.

"ಅವ್ವಾರ!" ಎಂದು ಕೂಗಿದೆ. ಕೊಟ್ಟಿಗೆಯ ಎತ್ತುಗಳೂ ತಲೆಯೆತ್ತಿದವು.

ಅವರು ಕೈ ಒರೆಸಿಕೊಳ್ಳುತ್ತ ಬಂದರು.

"ಈ ಪೆಟಗ್ಯಾಗ ಏನ್ ಹಾಕೀರಿ?"

"ಹಾಲ."

"ಹಾಲಾ? ಯಾಕ್ರಿ?"

"ಯಾಕ ಅಂದ್ರ? ಪಂಚಮಿಯಲ್ಲೇನ್ರಿ? ಊರಾಗಿನ ಹೆಂಗಸರೆಲ್ಲಾ ಹುತ್ತಕ್ಕ ಎರದ್ರು. ನಾನೂ ಎರದೆ. ಬಂದು ನೋಡಿದ್ರ ನಮ್ಮ ಮನ್ಯಾಗನ ಮಣ್ಣಾಗ ಜೀವ ಮಲಗ್ಯಾವು. ಅವಕ್ಕ ಬಿಟ್ಟು ಹೆಂಗ ಬರ್ಲಿ? ಕೊಬ್ಬರಿ ಬಟ್ಟಲಾಗ ಬೆಲ್ಲದ ಹಾಲ ತಗೊಂಡು ಎಲ್ಲಾ ಪೆಟಗಿಗೂ ಎರದೆ."

ಆಗ ನನ್ನ ಬಾಯಿಂದ ಏನೇನು ಬಂತೋ! ಲೀಟರುಗಟ್ಟಲೆ ಹಾಲು ಹಾಕಿ ನೊರಜಿಗೆ ಹಬ್ಬದೂಟ ಮಾಡಿಸಿದಿರಿ, ಬೂಷ್ಟಿಗೆ ಬಾಣಂತನ ಮಾಡಿದಿರಿ, ನಿಮ್ಮ ಸೊಸೆಯ ದಾರಿಗೆ ನೀವೇ ಅಡ್ಡ ಬಿದ್ದಿರಿ ಎಂದೆ. ಕೊನೆಯ ಮಾತು ಆಡಬಾರದಿತ್ತು. ಅವ್ವ ಪೆಟ್ಟಿಗೆಯ ಅಂಚು ಹಿಡಿದುಕೊಂಡರು. ಆಮೇಲೆ ಮೆಲ್ಲಗೆ, ನನಗೆ ಕೇಳಲೆಂದೂ ಅಲ್ಲ, ಎರೆಯುವಾಗ ಹೇಳಿದ್ದನ್ನು ಮತ್ತೊಮ್ಮೆ ಹೇಳಿದರು.

"ದೇವರ ಪಾಲು, ಗುರುವಿನ ಪಾಲು, ಅವ್ವನ ಪಾಲು, ಅಪ್ಪನ ಪಾಲು ಅಂತ ಎಲ್ಲಾರೂ ಅಂತಾರ್ರಿ. ನಾ ಇಲ್ಲೆ ಅದನ್ನ ಅನ್ಲಿಲ್ಲ. ನನ್ನ ಸೊಸಿ ಪಾಲು ಅಂದೆ. ಪ್ರತಿ ಪೆಟಗಿಗೂ ಅದನ್ನ ಅಂದೆ."

ಅವರ ಕಣ್ಣಲ್ಲಿ ನೀರು ನಿಂತಿತ್ತು. ತಪ್ಪು ಅವರದೊಂದೇ ಆಗಿರಲಿಲ್ಲ. ಹಾಲು ಬೀಳುವ ಮೊದಲೇ ಮಣ್ಣಿಗೆ ಗೊಬ್ಬರ ಬೆರೆಸಿ, ದಿನಾ ನೀರು ಚಿಮುಕಿಸಿ ನೊರಜಿಗೆ ಹಾಸಿಗೆ ಹಾಸಿದವಳು ನಾನೇ. ಕೈಯಲ್ಲಿದ್ದ ಹೆಂಟೆಯನ್ನು ಸುಮ್ಮನೆ ಪುಡಿ ಮಾಡುತ್ತ ಕೂತಿದ್ದೆ. ಬೆರಳಿಗೆ ಒಂದು ಕೋಶ ಸಿಕ್ಕಿತು. ಕೆನೆ ಹಳದಿ ಬಣ್ಣದ್ದು. ಮುಟ್ಟಿದೊಡನೆ ಬಾಲ ಅಲುಗಿಸಿತು.

"ಅವ್ವಾರ, ಕೂಡ್ರಿಲ್ಲೆ. ಜೀವ ಐತಿ," ಅಂದೆ.

ಪುಡಿಯ ಪೊಟ್ಟಣವನ್ನು ಮಡಚಿ ಮೇಲಿನ ಗೂಟಕ್ಕೆ ಸಿಕ್ಕಿಸಿದೆ. ಇಡೀ ಮಣ್ಣನ್ನು ಕೈಯಿಂದ ಸೋಸಿ, ಬದುಕಿದ್ದನ್ನು ಒಂದೊಂದೇ ಎತ್ತಿ ಹೊಸ ಮಣ್ಣಿಗೆ ಹಾಕುವುದು ಎಂದು ತೀರ್ಮಾನಿಸಿದೆ. ಕೋಶವಾದ ಹುಳವನ್ನು ಕುಳಿಯಿಂದ ಎತ್ತಬಾರದು ಎಂದು ನನಗೆ ಕಲಿಸಿದ್ದರು. ಎತ್ತದಿದ್ದರೆ ಎಲ್ಲವೂ ಸಾಯುತ್ತಿದ್ದವು, ಅದು ಕಣ್ಣಿಗೇ ಕಾಣುತ್ತಿತ್ತು.

ಹೊಸ ಮಣ್ಣಿಗೆ ಅಡುಗೆಮನೆಯೇ ಗತಿ. ಮಗ ಹಳ್ಳದಿಂದ ಉಸುಕು ತಂದ. ಹೊಲದ ಮೇಲ್ಮಣ್ಣು ತಂದ. ಅವ್ವ ಒಲೆ ಹೊತ್ತಿಸಿ, ಶೇಂಗಾ ಹುರಿಯುವ ಬಾಣಲೆಯಲ್ಲಿ ಅದನ್ನೆಲ್ಲ ಸ್ವಲ್ಪ ಸ್ವಲ್ಪವೇ ಹುರಿದರು. ಮಣ್ಣು ಹುರಿಯುವ ವಾಸನೆ ಮನೆಯೆಲ್ಲ ತುಂಬಿ, ಬೀದಿಯಲ್ಲಿ ಹೋಗುತ್ತಿದ್ದವರು ಮತ್ತೆ ಮಳೆ ಬಿತ್ತೇ ಎಂದು ಮುಖ ಎತ್ತುತ್ತಿದ್ದರು. ಆರಿದ ಮೇಲೆ ಸಾಣಿಗೆ ಹಿಡಿದು, ಸಣ್ಣ ಉಸುಕನ್ನು ಬೇರೆ ಇಟ್ಟುಕೊಂಡೆವು. ಗೊಬ್ಬರದ ಸುದ್ದಿಯೇ ಬೇಡ.

ನಂತರದ ದಿನಗಳು ನನಗೆ ಕನಸಿನ ಹಾಗೆ ನೆನಪಿವೆ. ನಾವಿಬ್ಬರೂ ಬಿಸಿಲಿನ ಕೋಲಿನ ಎರಡು ಬದಿಗೆ ಕೂರುತ್ತಿದ್ದೆವು. ನಡುವೆ ಒಂದು ಬಿಳಿ ಧೋತರ ಹಾಸಿ, ಅದರ ಮೇಲೆ ಹಳೆ ಮಣ್ಣನ್ನು ಹಿಡಿ ಹಿಡಿಯಾಗಿ ಹರಡುತ್ತಿದ್ದೆವು. ನನ್ನ ಕೈಯಲ್ಲಿ ಬಣ್ಣದ ಕುಂಚ, ಅವ್ವನ ಕೈಯಲ್ಲಿ ದೀಪದ ಬತ್ತಿ. ಬತ್ತಿಯ ತುದಿ ತುಸು ಒದ್ದೆ ಮಾಡಿ ಮುಟ್ಟಿಸಿದರೆ ಕೋಶ ಮೆತ್ತಗೆ ಅಂಟಿ ಬರುತ್ತಿತ್ತು. ಕಂದಾದದ್ದು ಈ ಕಡೆ, ಅಲುಗಿದ್ದು ಆ ಕಡೆ. ತಲೆಯ ಮೇಲೆ ನೊರಜು ಸುತ್ತುತ್ತಿದ್ದವು, ಹೊರಗೆ ಶ್ರಾವಣದ ಮಳೆ ನಿಂತು ನಿಂತು ಬರುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ ಕಣ್ಣೆತ್ತಿದರೆ ಬಿಸಿಲು ಗೋಡೆ ಹತ್ತಿಹೋಗಿರುತ್ತಿತ್ತು. ಒಮ್ಮೆ ತೂಕಡಿಕೆಯಲ್ಲಿ ನಾನೇ ಮಣ್ಣಿನೊಳಗೆ ಮಲಗಿದ್ದೇನೆ, ಯಾರೋ ಮೇಲಿನಿಂದ ಮೆಲ್ಲಗೆ ಕರೆಯುತ್ತಿದ್ದಾರೆ ಅನ್ನಿಸಿತು. ಕರೆಯುತ್ತಿದ್ದವರು ಅವ್ವ.

"ಬಾಯಾರ, ನಿದ್ದಿಗಣ್ಣಾಗ ಅದನ್ನ ಸತ್ತವ್ರ ಸಾಲಿಗೆ ಇಟ್ಟೀರಿ. ಅದು ಅಲುಗಾಕತ್ತೈತಿ ನೋಡ್ರಿ."

ಹೌದು, ಅಲುಗುತ್ತಿತ್ತು.

ಸತ್ತದ್ದೇ ಹೆಚ್ಚು. ಉಳಿದದ್ದನ್ನು ಎರಡೇ ಪೆಟ್ಟಿಗೆಗೆ ಇಳಿಸಿದೆ. ಹುರಿದ ಮಣ್ಣಿನಲ್ಲಿ ಹೆಬ್ಬೆರಳಿನಿಂದ ಕುಳಿ ಒತ್ತಿ, ಒಂದೊಂದು ಕುಳಿಗೆ ಒಂದೊಂದು ಕೋಶ ಇಟ್ಟು, ಮೇಲೆ ಸಡಿಲ ಮಣ್ಣು, ಅದರ ಮೇಲೆ ಬೆರಳು ದಪ್ಪ ಒಣ ಉಸುಕು. ನೊರಜಿಗೆ ತತ್ತಿಯಿಡಲು ತೇವದ ಮಣ್ಣೇ ಬೇಕು. ಒಣ ಉಸುಕಿನ ಮೇಲೆ ಅದು ಸುಮ್ಮನೆ ಓಡಾಡಿ ಹೋಗಬೇಕು. ಕೋಶ ಪೂರ್ತಿ ಒಣಗಬಾರದೆಂದು ಪೆಟ್ಟಿಗೆಯ ಒಂದು ಮೂಲೆಯಲ್ಲಿ ನೆನೆಸಿದ ಇಟ್ಟಿಗೆ ಚೂರೊಂದನ್ನು ಕೆಳಗೆ ಹೂತೆ. ನೀರು ಇನ್ನು ಚಿಮುಕಿಸುವುದಿಲ್ಲ. ಹಳೆಯ ಮಣ್ಣನ್ನೆಲ್ಲ ಮಗ ದೂರದ ಹೊಲಕ್ಕೆ ಒಯ್ದು ಬಿಸಿಲಿಗೆ ಹರಡಿದ.

ಆಮೇಲೆ ಕಾಯುವುದು. ಅದರಷ್ಟು ಕಷ್ಟದ ಕೆಲಸ ನಾನು ಇನ್ನೊಂದು ಮಾಡಿಲ್ಲ. ಮುಂಜಾನೆ ಬಾಗಿಲು ತೆಗೆದರೆ ಉಸುಕು ಬೆಳ್ಳಗೆ, ಒಣಗಿ, ಯಾರೂ ನಡೆಯದ ದಾರಿಯ ಹಾಗೆ ಬಿದ್ದಿರುತ್ತಿತ್ತು. ಒಳಗೆ ಎಲ್ಲ ಬೆಂದು ಹೋಗಿವೆಯೇನೋ ಅನ್ನಿಸಿ ಕೈ ತಾನಾಗಿಯೇ ನೀರಿನ ತಂಬಿಗೆಗೆ ಹೋಗುತ್ತಿತ್ತು. ಅವ್ವ ತಂಬಿಗೆಯನ್ನೇ ಎತ್ತಿಕೊಂಡು ಅಡುಗೆಮನೆಗೆ ನಡೆದರು. "ನನಗ ಬೈದಿರಿ. ಈಗ ನೀವು ಸುಮ್ನಿರ್ರಿ" ಅಂದರು. ನೊರಜು ಮಾತ್ರ ದಿನದಿಂದ ದಿನಕ್ಕೆ ತೆಳುವಾಗುತ್ತ ಬಂತು. ಹಳದಿ ಮುಚ್ಚಳದ ಮೇಲೆ ಬೆರಳೆಣಿಕೆಯಷ್ಟು. ಒಂದು ದಿನ ಬಿಸಿಲಿನ ಕೋಲಿನಲ್ಲಿ ಬರೀ ಧೂಳಿತ್ತು.

ಅದಾದ ಮೇಲೊಂದು ಮಧ್ಯಾಹ್ನ ಉಸುಕು ಒಂದು ಕಡೆ ಸಣ್ಣಗೆ ಕುಸಿಯಿತು. ನೋಡುತ್ತಿದ್ದಂತೆಯೇ ಕಂದು ತಲೆಯೊಂದು ಹೊರಗೆ ಬಂತು, ಆಮೇಲೆ ಗೀರು ಬೆನ್ನು. ಇನ್ನೂ ಗಟ್ಟಿಯಾಗದ ರೆಕ್ಕೆ ಹೊತ್ತು ಅದು ಟೊಂಗೆ ಹುಡುಕಿಕೊಂಡು ಹೊರಟಿತು. ಅದರ ಹಿಂದೆ ಇನ್ನೊಂದು, ಇತ್ತ ಮತ್ತೊಂದು. ನಾನು ಕಿರುಚಿಕೊಂಡೆನೋ ಏನೋ, ಮಗ ಕೊಟ್ಟಿಗೆಯಿಂದ ಓಡಿಬಂದ. ಮಾತು ಕಡಿಮೆಯ ಮನುಷ್ಯ. ಪೆಟ್ಟಿಗೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, "ಬಂದ್ವಲೇ ಮಕ್ಕಳಾ" ಎಂದು ನಕ್ಕ. ಅವನು ನಕ್ಕದ್ದನ್ನು ನಾನು ಆವತ್ತೇ ನೋಡಿದ್ದು.

ಅವನ್ನು ಪೆಟ್ಟಿಗೆಯಲ್ಲೇ ಇನ್ನೊಂದು ಸುತ್ತು ಬೆಳೆಸಿ, ಅದೇ ಹುರಿದ ಮಣ್ಣು, ಒಣ ಉಸುಕಿನ ರೀತಿಯಲ್ಲಿ ಹೆಚ್ಚಿಸಿ, ಆಮೇಲೆ ಹಿತ್ತಿಲಲ್ಲಿ ಬಿಟ್ಟೆವು. ಮೊದಲು ಏನೂ ಕಾಣಲಿಲ್ಲ; ಕಸ ಎದೆಯೆತ್ತರ ಹೂ ಬಿಟ್ಟು ನಿಂತಿತ್ತು. ಅವ್ವ ದಿನಾ ಹೋಗಿ ಎಲೆ ಮಗುಚಿ ತತ್ತಿ ನೋಡಿ ಬರುತ್ತಿದ್ದರು. ನಂತರ ಎಲೆಗಳು ಜಾಳಿಗೆಯಾದವು. ಮಹಾನವಮಿ ಹೊತ್ತಿಗೆ ಹಿತ್ತಿಲ ತುಂಬ ಬರೀ ದಂಟು, ಮುಟ್ಟಿದರೆ ಮುರಿಯುವಂಥವು. ಮಗ ಒಂದು ಮುಂಜಾನೆಯಲ್ಲಿ ಎಲ್ಲವನ್ನೂ ಎಳೆದು ಹಾಕಿದ. ರಸ್ತೆಯ ಬದಿ, ಗೋಮಾಳ ಎಲ್ಲ ಹಾಗೇ ಇತ್ತು, ಅದು ಬೇರೆ ಮಾತು.

ತಿರ್ಲಾಪುರಕ್ಕೆ ಅವ್ವ ತಾವೇ ಹೋಗಿ ಹೇಳಿ ಬಂದರು. ಹಬ್ಬ ಮುಗಿದ ಮೇಲೆ ಬೀಗರು ಮಗಳನ್ನು ಕರೆದುಕೊಂಡು ಬಂದರು. ಬಿಟ್ಟು ಹೋಗಲು ಅಲ್ಲ, ನೋಡಲು. ಹುಡುಗಿಯ ಸೆರಗು ಇನ್ನೂ ಮುಖದ ಮೇಲಿತ್ತು. ತಂದೆ ಹಿತ್ತಿಲೆಲ್ಲ ತಿರುಗಿದರು, ಗೋಡೆಯಾಚೆ ಇಣುಕಿದರು.

"ರಸ್ತಾದ ಬಾಜೂಕ ಇನ್ನೂ ಐತೆಲ್ಲಾ ಯಕ್ಕಾ?"

"ಐತ್ರಿ. ಅದೂ ಹೊಕ್ಕೈತಿ, ತಡಾ ಆಕ್ಕೈತಿ," ಅಂದರು ಅವ್ವ. "ಸುಳ್ಳು ಹೇಳಿ ನಿಮ್ಮ ಮಗಳ್ನ ಇಟಗೊಳ್ಳಂಗಿಲ್ಲ. ಒಂದ ರಾತ್ರಿ ಇರ್ಲಿ. ಬೆಳಿಗ್ಗೆ ಗಾದರಿ ಎದ್ರ ನಾನ ಬಸ್ಸು ಹತ್ತಸ್ತೀನಿ."

ಬೀಗರು ಮಗಳ ಕಡೆ ನೋಡಿದರು. ಅವಳು ಆಗಲೇ ಕೊಡ ತೆಗೆದುಕೊಂಡು ಹಿತ್ತಲ ಬಾಗಿಲಿನಿಂದ ಹೊರಟಿದ್ದಳು.

ಆ ರಾತ್ರಿ ಆ ಮನೆಯಲ್ಲಿ ಯಾರಿಗೂ ಸರಿಯಾಗಿ ನಿದ್ದೆ ಬಂದಿರಲಾರದು. ನನಗಂತೂ ಬರಲಿಲ್ಲ. ಬೆಳಗಾಗುವಾಗ ಹಿತ್ತಿಲಲ್ಲಿ ಮಾತು ಕೇಳಿ ಬಾಗಿಲು ತೆರೆದೆ. ಎಳೆ ಬಿಸಿಲಿನಲ್ಲಿ ಅವ್ವ ಸೊಸೆಯ ಎರಡೂ ಕೈಗಳನ್ನು ಹಿಡಿದುಕೊಂಡು, ಮುಂಗೈ ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಸೆರಗು ಸರಿಸಿ ಕುತ್ತಿಗೆ ನೋಡಿದರು, ಕಿವಿಯ ಹಿಂದೆ ನೋಡಿದರು. ಹಳೆಯ ಕಲೆಗಳ ಮೇಲೆ ಬೆರಳಾಡಿಸಿದರು. ತಂದೆ ಬಚ್ಚಲ ಕಟ್ಟೆಯ ಹತ್ತಿರ ಹಲ್ಲುಕಡ್ಡಿ ಬಾಯಲ್ಲಿಟ್ಟುಕೊಂಡು ನಿಂತುಬಿಟ್ಟಿದ್ದರು.

"ಬಾಯಾರ, ನನ್ನ ಕಣ್ಣು ಮಂಜು, ನನಗ ನಂಬಿಕಿ ಇಲ್ಲ. ನೀವು ಬಂದು ನೋಡ್ರಿ," ಎಂದು ಅವ್ವ ಕೂಗಿದರು.

ನಾನು ಹೋಗಿ ನೋಡಿದೆ. ಕೋಶ ನೋಡುವಷ್ಟು ಹತ್ತಿರ ಬಾಗಿ, ಒಂದೊಂದು ಬೆರಳನ್ನೂ ನೋಡಿದೆ. ನನ್ನ ಕಣ್ಣೂ ಮಂಜಾಗುತ್ತಿತ್ತು, ಒರೆಸಿಕೊಂಡು ಮತ್ತೆ ನೋಡಿದೆ.

"ಏನೂ ಎದ್ದಿಲ್ರಿ ಅವ್ವಾರ," ಅಂದೆ.

ಬೀಗರು ಬಾಯಿ ಮುಕ್ಕಳಿಸಿ, ಮುಖ ತೊಳೆದುಕೊಂಡು ಬಂದು, ಮೊದಲ ಬಸ್ಸಿಗೆ ಒಬ್ಬರೇ ಹೊರಟರು.